ಕಿವಿಗೆ ಬೀಳದ ಮಾತು

ನಮ್ಮೂರಿನಲ್ಲಿ ಕಿವಿಗೆ ಬೀಳದ ಮಾತು ನೆಲಕ್ಕೆ ಬೀಳುತ್ತದೆ. ಬಿದ್ದದ್ದನ್ನು ಗುಡಿಸಬೇಕು. ಉದುರಿಸಿದವರೇ ಗುಡಿಸಬೇಕು ಎಂಬುದು ಊರು ಹುಟ್ಟಿದಂದಿನಿಂದ ನಡೆದುಬಂದ ಕಟ್ಟಳೆ. ಹಾಗಾಗಿ ನಮ್ಮಲ್ಲಿ ನೆಂಟರು ಬಂದರೆ ಕಾಲಿಗೆ ನೀರು ಕೊಟ್ಟು, ಕುಡಿಯಲು ನೀರು ಕೊಟ್ಟು, ಪೊರಕೆ ಯಾವ ಮೂಲೆಯಲ್ಲಿದೆ ಎಂದು ತೋರಿಸಿ, ಆಮೇಲೆ ‘ಏನ್ ಸಮಾಚಾರ’ ಎಂದು ಕೇಳುತ್ತಾರೆ.

ಬಿದ್ದ ಮಾತು ನೋಡಲು ಅಂಥ ಚಂದವೇನಲ್ಲ, ಆದರೆ ಗುರುತು ಹಿಡಿಯುವುದು ಸುಲಭ. ಮನೆಮಾತು ಭತ್ತದ ಹೊಟ್ಟಿನ ಹಾಗೆ ಹಗುರ, ಫ್ಯಾನ್ ಹಾಕಿದರೆ ಹಾರುತ್ತದೆ. ‘ಸನ್ಮಾನ್ಯ’, ‘ಅವಿಸ್ಮರಣೀಯ’ದಂಥವು ಹುಣಸೆಬೀಜದ ಹಾಗೆ ಟಪಟಪ ಉದುರುತ್ತವೆ. ‘ಎಂಗೇಜ್‌ಮೆಂಟ್’, ‘ಟೇಕ್‌ಅವೇ’ ಮುಂತಾದವು ಸೋಡಾ ಬಾಟಲಿಯ ಮುಚ್ಚಳದಂತೆ ಠಣ್ಣೆಂದು ಬಿದ್ದು, ಉರುಳಿಕೊಂಡು ಹೋಗಿ ಬೀರುವಿನ ಕೆಳಗೆ ಸೇರಿಕೊಳ್ಳುತ್ತವೆ. ಎಮ್ಮೆಗೆ ಹಾಕಿದರೆ ಮೂಸಿ ಮುಖ ತಿರುಗಿಸುತ್ತದೆ. ಒಲೆಗೆ ಹಾಕಿದರೆ ಹೊಗೆ ಬರುತ್ತದೆಯೇ ಹೊರತು ಉರಿಯುವುದಿಲ್ಲ. ಪುರಸಭೆಯವರು ಮಾತ್ರ ಮೂಟೆಗಟ್ಟಲೆ ಒಯ್ದು ರಸ್ತೆಯ ಗುಂಡಿಗಳಿಗೆ ತುಂಬುತ್ತಾರೆ. ‘ಈ ರಸ್ತೆಯನ್ನು ಮೂರೇ ತಿಂಗಳಲ್ಲಿ ರಿಪೇರಿ ಮಾಡಿಸುತ್ತೇವೆ’ ಎಂಬ ಭಾಷಣವನ್ನು ಅದೇ ರಸ್ತೆಯ ಗುಂಡಿಗೆ ಸುರಿದು ಮುಚ್ಚಿದ ಮೇಲೆ, ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ ಎಂದು ಯಾರನ್ನಾದರೂ ದೂರುವುದು ಹೇಗೆ?

ಇದಕ್ಕೆ ನಾವೆಲ್ಲ ಹೊಂದಿಕೊಂಡಿದ್ದೇವೆ. ಡಾಕ್ಟರ ಕ್ಲಿನಿಕ್ಕಿನಲ್ಲಿ ಸಂಜೆ ಬಾಗಿಲು ಹಾಕುವ ಹೊತ್ತಿಗೆ ‘ಉಪ್ಪು ಕಡಿಮೆ ಮಾಡಿ’ ಒಂದು ಮೊರದಷ್ಟು ಬಿದ್ದಿರುತ್ತದೆ. ಬಸ್ಸಿನ ನೆಲದಲ್ಲಿ ‘ಒಳಗ್ ನಡೀರಿ, ಒಳಗ್ ನಡೀರಿ’ ಪಾದ ಮುಚ್ಚುವಷ್ಟು. ಹೆಣ್ಣು ನೋಡಲು ಬಂದವರು ಹುಡುಗ ಹುಡುಗಿಯನ್ನು ಹತ್ತು ನಿಮಿಷ ಮಾತಾಡಲು ಬಿಟ್ಟು, ಆಮೇಲೆ ಇಬ್ಬರೂ ಕೂತ ಚಾಪೆ ಎತ್ತಿ ಕೊಡವಿ ನೋಡುತ್ತಾರೆ. ಯಾರ ಕಡೆ ಹೊಟ್ಟು ಜಾಸ್ತಿ ಬಿದ್ದಿದೆ ಎಂಬುದನ್ನು ನೋಡಿ ಮದುವೆ ಮುರಿದದ್ದೂ ಉಂಟು, ಅದನ್ನು ನೋಡಿಯೂ ಮದುವೆಯಾಗಿ ನಿತ್ಯ ಗುಡಿಸುತ್ತಿರುವವರೂ ಉಂಟು.

ನೂರು ಜನರಲ್ಲಿ ಒಬ್ಬರು ಕೇಳಿಸಿಕೊಂಡರೂ ಸಾಕು, ಮಾತು ಬೀಳುವುದಿಲ್ಲ. ಒಂದೇ ಒಂದು ಕಿವಿ ಸಾಕು. ತನಗೆ ತಾನೇ ಗೊಣಗಿಕೊಂಡ ಮಾತೂ ಬೀಳುವುದಿಲ್ಲ, ತನ್ನ ಕಿವಿಯಾದರೂ ಇದೆಯಲ್ಲ. ಇಷ್ಟಾಗಿಯೂ ಭಾಷಣಕಾರರ ಮಾತು ಬೀಳುತ್ತಿತ್ತು ಎಂದರೆ ಅವರು ಹೇಳಿದ್ದನ್ನು ಅವರೂ ಕೇಳಿಸಿಕೊಳ್ಳುತ್ತಿರಲಿಲ್ಲ ಎಂದಾಯಿತು. ಇದನ್ನು ನಮ್ಮೂರಿನ ಹೊರತು ಬೇರೆಲ್ಲೂ ಇಷ್ಟು ಸ್ಪಷ್ಟವಾಗಿ ರುಜುವಾತು ಮಾಡಿ ತೋರಿಸಿದವರಿಲ್ಲ.

ನಾನು ಬೆಳೆದದ್ದು ಹೊಂಬಾಳಜ್ಜಿಯ ಹತ್ತಿರ. ಅಜ್ಜಿ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟಬೇಕು. ‘ಒಂದೂರಲ್ಲಿ ಒಬ್ಬಳು ರಾಣಿ ಇದ್ಲು’ ಎಂದು ನಿಲ್ಲಿಸುತ್ತಿದ್ದಳು. ನಾವು ‘ಹೂಂ’ ಎಂದರೆ ಮಾತ್ರ ಆ ರಾಣಿ ಮುಂದಕ್ಕೆ ಹೆಜ್ಜೆ ಇಡುತ್ತಿದ್ದಳು. ಕೇರಿಯ ಮಕ್ಕಳೆಲ್ಲ ಕಡಲೆ ಬೆಲ್ಲದ ಆಸೆಗೆ ಜಗಲಿಗೆ ಬಂದು ಕೂರುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಕಥೆ ಮುಗಿದ ಮೇಲೆ ಬೆಲ್ಲ ಕೊಡುತ್ತಿದ್ದರು. ಅಜ್ಜಿ ಮೊದಲೇ ಹಂಚಿಬಿಡುತ್ತಿದ್ದಳು. “ಬೆಲ್ಲಕ್ಕೆ ಬಂದೋರು ತಿಂದ್ಕೊಂಡು ಹೊರಡ್ರಪ್ಪ. ಕಥೆಗೆ ಬಂದೋರು ಕೂತ್ಕೊಳ್ಳಿ.” ಮೂವತ್ತು ಮಕ್ಕಳಲ್ಲಿ ಮೂರೋ ನಾಲ್ಕೋ ಉಳಿಯುತ್ತಿದ್ದವು. ಅಜ್ಜಿಯ ಜಗಲಿಯಲ್ಲಿ ಒಂದು ದಿನವೂ ಒಂದು ಹೊಟ್ಟು ಬಿದ್ದದ್ದನ್ನು ನಾನು ಕಂಡಿಲ್ಲ. ನಾನು ಹೇಳಿದ್ದನ್ನೂ ಅವಳು ಹಾಗೆಯೇ ಕೇಳುತ್ತಿದ್ದಳು. ಮೋಡದ ಮೇಲೆ ಅಂಗಡಿ ಇಟ್ಟವಳ ಕಥೆಯನ್ನು ಆರನೇ ವಯಸ್ಸಿನಲ್ಲಿ ನಾನು ಹದಿನೇಳು ಸಲ ಹೇಳಿದೆನಂತೆ. ಹದಿನೇಳು ಸಲವೂ ನೆಲ ಚೊಕ್ಕಟ.

ಆಗೆಲ್ಲ ಸಭೆಗಳು ಪುರಭವನದಲ್ಲಿ ನಡೆಯುತ್ತಿದ್ದವು. ವೇದಿಕೆಯ ನೆಲ ಎಲ್ಲರಿಗೂ ಕಾಣುತ್ತಿತ್ತು. ದೊಡ್ಡ ಮನುಷ್ಯರು ಭಾಷಣ ಮುಗಿಸಿ, ಹಾರ ತೆಗೆದಿಟ್ಟು, ಪೊರಕೆ ಹಿಡಿದು ಬಗ್ಗಬೇಕಾಗುತ್ತಿತ್ತು. ಆದ್ದರಿಂದ ನಮ್ಮೂರಿನಲ್ಲಿ ಭಾಷಣಗಳು ಬಹಳ ಚಿಕ್ಕವಾಗಿದ್ದವು. ಒಬ್ಬ ಅಧ್ಯಕ್ಷರು ಎದ್ದು ನಿಂತು “ನಮಸ್ಕಾರ, ಊಟ ಇದೆ” ಎಂದು ಕೂತುಬಿಟ್ಟರು. ಅದು ಮಾತ್ರ ಯಾರ ಕಿವಿಗೂ ತಪ್ಪಲಿಲ್ಲ. ಅಂಥ ವಾಗ್ಮಿ ಮತ್ತೆ ಹುಟ್ಟಲಿಲ್ಲ ಎಂದು ಇಂದಿಗೂ ನೆನೆಯುತ್ತಾರೆ.

ಆಮೇಲೆ ವೆಬಿನಾರ್ ಬಂತು.

ಕ್ಯಾಮೆರಾಕ್ಕೆ ಎದೆಯಿಂದ ಮೇಲೆ ಮಾತ್ರ ಕಾಣುತ್ತದೆ, ನೆಲ ಕಾಣುವುದಿಲ್ಲ. ಇಷ್ಟು ಸಣ್ಣ ಸಂಗತಿಯನ್ನು ಊರಿನಲ್ಲಿ ಮೊದಲು ಅರ್ಥಮಾಡಿಕೊಂಡವರು ವಾಗ್ರತ್ನ ಪುಟ್ಟಲಿಂಗಯ್ಯನವರು. ವಾಗ್ರತ್ನ ಎಂಬ ಬಿರುದನ್ನು ಅವರಿಗೆ ಕೊಟ್ಟ ಸಂಸ್ಥೆಯ ಅಧ್ಯಕ್ಷರೂ ಅವರೇ ಆಗಿದ್ದರಿಂದ ಹೆಚ್ಚು ಓಡಾಟ ಬೇಕಾಗಲಿಲ್ಲ. ವೆಬಿನಾರ್ ಮಾಡುವುದು ಹೇಗೆ ಎಂದು ವೆಬಿನಾರಿನಲ್ಲಿ ಕಲಿಸುವುದು ಅವರ ವೃತ್ತಿ. ಕಲಿತವರು ಹೋಗಿ, ವೆಬಿನಾರ್ ಮಾಡುವುದು ಹೇಗೆ ಎಂದು ಇನ್ನೊಬ್ಬರಿಗೆ ವೆಬಿನಾರಿನಲ್ಲಿ ಕಲಿಸುತ್ತಿದ್ದರು. ಬಾವಿ ತೋಡುವುದನ್ನು ಊರೆಲ್ಲ ಕಲಿತು ಯಾರೂ ನೀರು ಸೇದದ ಹಾಗೆ ಇದು ಚೆನ್ನಾಗಿ ನಡೆಯುತ್ತಿತ್ತು.

ಅವರ ಬಳಿ ಕೆಲಸಕ್ಕೆ ಅರ್ಜಿ ಹಾಕಿದಾಗ ‘ನನಗೆ ಕಥೆ ಹೇಳುವ ಆಸೆ’ ಎಂದು ಬರೆದಿದ್ದೆ. ಪುಟ್ಟಲಿಂಗಯ್ಯನವರು ಅದನ್ನು ಓದಿ ತಲೆಯಾಡಿಸಿದರು. “ವೆರಿ ಗುಡ್. ಆದ್ರೆ ನೆಲದಿಂದ ಶುರು ಮಾಡ್ಬೇಕಮ್ಮ.”

ಅವರು ಮಾತಿಗೆ ತಪ್ಪುವವರಲ್ಲ. ನನ್ನನ್ನು ನೆಲದಿಂದಲೇ ಶುರು ಮಾಡಿಸಿದರು. ಅವರ ಮೇಜಿನ ಕೆಳಗೆ ಕೂತು, ಮಾತು ಬಿದ್ದ ಹಾಗೆಲ್ಲ ಸದ್ದಾಗದಂತೆ ಗುಡಿಸಿ ಮೂಟೆ ಕಟ್ಟುವುದು ನನ್ನ ಕೆಲಸ. ಉದುರಿಸಿದವರೇ ಗುಡಿಸಬೇಕೆಂಬ ಕಟ್ಟಳೆ ಇದೆಯಲ್ಲ ಸಾರ್ ಎಂದೆ. ಅದಕ್ಕೂ ಅವರು ದಾರಿ ಕಂಡುಕೊಂಡಿದ್ದರು. ನೇಮಕದ ಪತ್ರದಲ್ಲಿ ನನ್ನ ಹುದ್ದೆಯ ಹೆಸರು ‘ಬಲಗೈ’ ಎಂದಿತ್ತು. ಅವರ ಮಾತನ್ನು ಅವರ ಬಲಗೈಯೇ ಗುಡಿಸುತ್ತಿದ್ದ ಮೇಲೆ ಕಟ್ಟಳೆ ಎಲ್ಲಿ ಮುರಿಯಿತು?

ಹೀಗೆ ಮೂರು ವರ್ಷ ಮೇಜಿನ ಕೆಳಗೆ ಕಳೆದೆ. ಅಲ್ಲಿಂದ ಕಾಣುವ ಪುಟ್ಟಲಿಂಗಯ್ಯನವರು ಬೇರೆಯೇ. ಮೇಲೆ ಕೋಟು, ಟೈ, ಎದೆಗೊಂದು ಹಿತ್ತಾಳೆಯ ಪಿನ್ನು. ಕೆಳಗೆ ಚೌಕಳಿ ಲುಂಗಿ, ಹವಾಯಿ ಚಪ್ಪಲಿ. ಪ್ರತಿ ವೆಬಿನಾರೂ ಒಂದೇ ವಾಕ್ಯದಿಂದ ಶುರುವಾಗುತ್ತಿತ್ತು: “ನನ್ನ ಧ್ವನಿ ಎಲ್ರಿಗೂ ಕೇಳಿಸ್ತಾ ಇದೆಯಾ?” ಆ ಕಡೆಯಿಂದ ‘ಎಸ್ ಸಾರ್’, ‘ಕ್ಲಿಯರ್ ಸಾರ್’ ಎಂದು ಚಾಟಿನಲ್ಲಿ ಇನ್ನೂರು ಉತ್ತರಗಳು ಬರುತ್ತಿರುವಾಗಲೇ ಆ ಪ್ರಶ್ನೆ ಇಡಿಯಾಗಿ ನನ್ನ ತಲೆಯ ಮೇಲೆ ಬಿದ್ದಿರುತ್ತಿತ್ತು.

ಪರಿಣಾಮಕಾರಿ ವೆಬಿನಾರಿಗೆ ಅವರ ಹತ್ತಿರ ಹನ್ನೊಂದು ಸೂತ್ರಗಳಿದ್ದವು. ಕ್ಯಾಮೆರಾವನ್ನು ಪ್ರೀತಿಪಾತ್ರರ ಕಣ್ಣೆಂದು ತಿಳಿಯಿರಿ. ದನಿಯಲ್ಲಿ ನಗು ಇರಲಿ. ಆರು ನಿಮಿಷಕ್ಕೊಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಬೇಡಿ. ಎಲ್ಲಕ್ಕಿಂತ ಮುಖ್ಯ ಹನ್ನೊಂದನೆಯದು: ಭಾಗವಹಿಸಿದ್ದಕ್ಕೆ ಕೊಡುವ ಸರ್ಟಿಫಿಕೇಟನ್ನು ಕೊನೆಯ ನಿಮಿಷದವರೆಗೂ ಬಿಟ್ಟುಕೊಡಬೇಡಿ. “ಸರ್ಟಿಫಿಕೇಟ್ ಅನ್ನೋದು ಗೂಟ ಇದ್ದ ಹಾಗೆ. ಹಗ್ಗ ಬಿಚ್ಚಿದ್ರೆ ಹಸು ನಿಲ್ಲಲ್ಲ” ಎಂದು ನನಗೆ ಮಾತ್ರ ಹೇಳುತ್ತಿದ್ದರು. ಅವರ ಮಾತುಗಳಲ್ಲಿ ಬೀಳದೆ ಉಳಿದದ್ದು ಇಂಥವು ಮಾತ್ರ. ಯಾಕೆಂದರೆ ಇಂಥವನ್ನು ಮಾತ್ರ ನಾನು ಕೇಳಿಸಿಕೊಳ್ಳುತ್ತಿದ್ದೆ.

ನಾನು ಕನಸು ಕಾಣುವವಳು ಎಂದು ಕೇರಿಯವರೆಲ್ಲ ಹೇಳುತ್ತಾರೆ. ಮೇಜಿನ ಕೆಳಗೆ ಬೇರೇನು ತಾನೆ ಮಾಡುವುದು? ‘ಸಬಲೀಕರಣ’ ಬಿದ್ದರೆ ಅದಕ್ಕೊಂದು ಸೆರಗು ಹೊದೆಸಿ ಮುದುಕಿ ಮಾಡುತ್ತಿದ್ದೆ. ‘ನೆಟ್‌ವರ್ಕಿಂಗ್’ ಬಿದ್ದರೆ ಅದು ಆ ಮುದುಕಿಯ ಸೋಮಾರಿ ಅಳಿಯ. ಮೂಟೆ ಕಟ್ಟುವ ಹೊತ್ತಿಗೆ ಅವರದೊಂದು ಸಂಸಾರವೇ ಆಗಿ, ಅಳಿಯ ಮನೆಬಿಟ್ಟು ಹೋಗಿ, ಮುದುಕಿ ನೆಮ್ಮದಿಯಾಗಿರುತ್ತಿದ್ದಳು. ಒಂದು ದಿನ ನಾನು ಮೇಲೆ ಕೂರುತ್ತೇನೆ, ನನ್ನ ವೆಬಿನಾರಿನಲ್ಲಿ ಒಂದು ಹೊಟ್ಟೂ ಬೀಳುವುದಿಲ್ಲ ಎಂದುಕೊಳ್ಳುತ್ತಿದ್ದೆ.

ಮೇಲೆ ಕೂರಬೇಕಾದರೆ ಸಂಸ್ಥೆಯ ‘ನೋಂದಾಯಿತ ವಾಗ್ಮಿ’ ಪರೀಕ್ಷೆ ಪಾಸಾಗಬೇಕು. ಅದು ನಡೆಯುವುದು ಮೂರು ವರ್ಷಕ್ಕೊಮ್ಮೆ. ಪಾಸಾದರೆ ಕುರ್ಚಿ, ಫೇಲಾದರೆ ಮುಂದಿನ ಪರೀಕ್ಷೆಯವರೆಗೆ ಮತ್ತೆ ಮೇಜಿನ ಕೆಳಗೆ. ಈ ಸಲ ಅಭ್ಯರ್ಥಿ ನಾನೊಬ್ಬಳೇ. ವಿಷಯ ‘ಪರಿಣಾಮಕಾರಿ ವೆಬಿನಾರ್ ಮಂಡನೆ’. ಬೇರೆ ವಿಷಯಗಳು ಲೋಕದಲ್ಲಿ ಉಳಿದಿರಲಿಲ್ಲ. ಅಂಕಪಟ್ಟಿಯಲ್ಲಿ ನಗು, ಸ್ಲೈಡು, ಸಮಯಪಾಲನೆ, ಕೊನೆಯಲ್ಲಿ ‘ಮುಕ್ತಾಯದ ಹೊತ್ತಿಗೆ ಮುನ್ನೂರಕ್ಕೆ ಕಡಿಮೆಯಿಲ್ಲದ ಹಾಜರಾತಿ’ ಎಂದಿತ್ತು. ಇದೊಂದು ತಪ್ಪಿದರೂ ಫೇಲು. ನೆಲಕ್ಕೆಂದು ಒಂದು ಕಾಲಂ ಕೂಡ ಇರಲಿಲ್ಲ.

“ಹೊನ್ನಮ್ಮ ಅಂತ ಹಾಕಿದ್ರೆ ಯಾರು ಲಾಗಿನ್ ಆಗ್ತಾರೆ?” ಎಂದರು ಪುಟ್ಟಲಿಂಗಯ್ಯನವರು, ನನ್ನ ಪೋಸ್ಟರ್ ನೋಡುತ್ತಾ. “‘ಹನಿ’ ಅಂತ ಮಾಡು. ಹೊನ್ನಿ, ಹನಿ. ಬ್ರ್ಯಾಂಡ್ ಅಂದ್ರೆ ಅದು.”

“ನಮ್ಮಜ್ಜಿಯ ತಾಯಿ ಹೆಸರು ಸಾರ್ ಅದು.”

“ಅವ್ರು ಲಾಗಿನ್ ಆಗ್ತಾರಾ?”

“ಇಲ್ಲ ಸಾರ್. ತೀರ್ಕೊಂಡಿದಾರೆ.”

“ಮತ್ತೆ?” ಎಂದು ಅವರು ಪೋಸ್ಟರಿನಲ್ಲಿ ‘ಹನಿ’ ಎಂದು ತಿದ್ದಿಬಿಟ್ಟರು.

ಅಭ್ಯರ್ಥಿ ತನ್ನ ಬಲಗೈಯನ್ನು ತಾನೇ ಕರೆತರಬೇಕೆಂಬ ನಿಯಮವಿತ್ತು. ನಾನು ಯೋಚನೆ ಮಾಡಿದ್ದು ಒಂದೇ ನಿಮಿಷ. ಒಂದು ಕಿವಿ ಸಾಕು ತಾನೆ? ನನ್ನ ಮಾತು ಬೀಳಗೊಡದ ಕಿವಿಗಳು ಇಡೀ ಊರಿನಲ್ಲಿ ಎರಡಿದ್ದವು, ಎರಡೂ ಹೊಂಬಾಳಜ್ಜಿಯ ತಲೆಗೇ ಅಂಟಿಕೊಂಡಿದ್ದವು. ಅಜ್ಜಿ ಮೇಜಿನ ಕೆಳಗೆ ಕೂತಿದ್ದರೆ ಸಾಕು, ನನ್ನ ನೆಲ ಕನ್ನಡಿಯ ಹಾಗಿರುತ್ತದೆ. ಮುನ್ನೂರು ಹಾಜರಾತಿಯೂ ಉಳಿಯುತ್ತದೆ, ಹೊಟ್ಟೂ ಬೀಳುವುದಿಲ್ಲ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

“ಏನ್ ಮಾಡ್ಬೇಕೇ ನಾನು ಅಲ್ಲಿ?” ಎಂದು ಕೇಳಿದಳು ಅಜ್ಜಿ.

“ಏನೂ ಇಲ್ಲಜ್ಜಿ. ಸುಮ್ನೆ ಕೂತು ನಾನ್ ಹೇಳೋದು ಕೇಳಿದ್ರಾಯ್ತು.”

“ಅಷ್ಟೇನಾ? ಅದನ್ನ ಮನೇಲೇ ಮಾಡ್ತಿದ್ನಲ್ಲ” ಎಂದು ತನ್ನದೇ ಪೊರಕೆ ಹಿಡಿದುಕೊಂಡು ಹೊರಟಳು. ಆಫೀಸಿನ ಪ್ಲಾಸ್ಟಿಕ್ ಪೊರಕೆಯ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ.

ಪರೀಕ್ಷೆ ಬೆಳಿಗ್ಗೆ ಹನ್ನೊಂದಕ್ಕೆ. ಪುಟ್ಟಲಿಂಗಯ್ಯನವರು ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ಅಂಕಪಟ್ಟಿ ಹಿಡಿದು ಕೂತರು. ಅಂದು ಅವರನ್ನು ನೋಡುವವರು ಯಾರೂ ಇರಲಿಲ್ಲ, ಆದರೂ ಅಭ್ಯಾಸಬಲದಿಂದ ಮೇಲೆ ಕೋಟು, ಕೆಳಗೆ ಲುಂಗಿ. ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಸ್ವಾಮೇರು ಅರ್ಧ ಮಾತ್ರ ರೆಡಿಯಾಗಿ ಬಂದವ್ರೆ” ಎಂದು ನನ್ನ ಕಿವಿಯಲ್ಲಿ ಹೇಳಿ, ಮಂಡಿಯ ಮೇಲೆ ಕೈಯೂರಿ ಮೇಜಿನ ಕೆಳಗೆ ಸೇರಿಕೊಂಡಳು.

ಪರದೆಯ ಮೂಲೆಯಲ್ಲಿ ಹಾಜರಾತಿ ಮುನ್ನೂರ ಹನ್ನೆರಡು ಎಂದು ತೋರಿಸುತ್ತಿತ್ತು. ಮುನ್ನೂರ ಹನ್ನೆರಡು ಕಪ್ಪು ಚೌಕಗಳು. ಎಲ್ಲರ ಕ್ಯಾಮೆರಾ ಆಫ್, ಎಲ್ಲರ ಬಾಯಿ ಮ್ಯೂಟ್. ನಾನು ದನಿಯಲ್ಲಿ ನಗು ತುಂಬಿಕೊಂಡೆ.

“ನನ್ನ ಧ್ವನಿ ಎಲ್ಲರಿಗೂ ಕೇಳಿಸುತ್ತಾ ಇದೆಯಾ?”

‘ಎಸ್ ಮೇಡಂ.’ ‘ಕ್ಲಿಯರ್ ಮೇಡಂ.’ ‘ಸರ್ಟಿಫಿಕೇಟ್ ಯಾವಾಗ ಮೇಡಂ.’

“ಆತ್ಮೀಯರೇ, ಇಂದಿನ ಡಿಜಿಟಲ್ ಯುಗದಲ್ಲಿ ಪರಿಣಾಮಕಾರಿ ಸಂವಹನ ಎನ್ನುವುದು ಯಶಸ್ಸಿನ ಕೀಲಿಕೈ. ಇಂದಿನ ಸೆಷನ್ನಿನಲ್ಲಿ ನಾವು ಹನ್ನೊಂದು ಟೇಕ್‌ಅವೇಗಳನ್ನು...”

ಠಣ್.

ಎಲ್ಲೋ ಚಮಚ ಬಿತ್ತು ಎಂದುಕೊಂಡೆ. ಮುಂದಿನ ಸ್ಲೈಡು ಹಾಕಿದೆ. “ಕ್ಯಾಮೆರಾವನ್ನು ಪ್ರೀತಿಪಾತ್ರರ ಕಣ್ಣೆಂದು ಭಾವಿಸಿ. ಎಂಗೇಜ್‌ಮೆಂಟ್ ಹೆಚ್ಚಿಸಿಕೊಳ್ಳಿ.” ಠಣ್, ಟಪ, ಟಪಟಪ. ಮೇಜಿನ ಕೆಳಗಿನಿಂದ ಅಜ್ಜಿ ಸೀನಿದಳು. ಮೂಲೆಯಲ್ಲಿದ್ದ ಪುಟ್ಟಲಿಂಗಯ್ಯನವರು ಹೆಬ್ಬೆರಳು ಎತ್ತಿ ತೋರಿಸಿದರು. ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದರ್ಥ.

ನಾನು ಕಣ್ಣು ಮಾತ್ರ ಇಳಿಸಿ ನೋಡಿದೆ. ಅಜ್ಜಿಯ ಬೆಳ್ಳನೆಯ ಕೂದಲ ತುಂಬ ಹೊಟ್ಟು. ಹೆಗಲ ಮೇಲೊಂದು ‘ಎಂಗೇಜ್‌ಮೆಂಟ್’. ಮಡಿಲಲ್ಲಿ ‘ಕೀಲಿಕೈ’. ಅವಳು ಮಲಗಿರಲಿಲ್ಲ. ಕಣ್ಣು ಬಿಟ್ಟುಕೊಂಡು, ಕತ್ತು ನನ್ನ ಕಡೆಗೇ ಎತ್ತಿಕೊಂಡು, ಕೇಳಿಸಿಕೊಳ್ಳಲು ತನ್ನಿಂದಾದಷ್ಟು ಪ್ರಯತ್ನಪಡುತ್ತಿದ್ದಳು. ತುಟಿಯ ಮೇಲೆ ‘ಹೂಂ’ ಸಿದ್ಧವಾಗಿತ್ತು, ಇಡಲು ಜಾಗ ಸಿಕ್ಕಿರಲಿಲ್ಲ.

ಅಜ್ಜಿಯ ಎದುರು ನನ್ನ ಮಾತು ಬಿದ್ದದ್ದು ಅದೇ ಮೊದಲು. ಮೋಡದ ಮೇಲಿನ ಅಂಗಡಿಯನ್ನು ಹದಿನೇಳು ಸಲ ಹಿಡಿದ ಕಿವಿಗೆ ‘ಡಿಜಿಟಲ್ ಯುಗ’ ಒಂದು ಸಲವೂ ಹಿಡಿಯಲಾಗಲಿಲ್ಲ. ನಾನು ಸಾಲಿನ ನಡುವೆ ನಿಂತುಬಿಟ್ಟೆ. ಏಳು ಸೆಕೆಂಡಿಗಿಂತ ಹೆಚ್ಚು ಮೌನ ಇರಬಾರದು ಎಂಬುದು ಐದನೇ ಸೂತ್ರ. ಪುಟ್ಟಲಿಂಗಯ್ಯನವರು ಕೈಬೆರಳು ಮಡಿಸುತ್ತಾ ಎಣಿಸತೊಡಗಿದರು. ನಾನು ಗುಂಡಿ ಒತ್ತಿ ನನ್ನ ಮೈಕನ್ನು ಮ್ಯೂಟ್ ಮಾಡಿದೆ.

“ಯಾಕಜ್ಜಿ, ಕೇಳಿಸ್ತಿಲ್ವಾ?”

“ಕೇಳ್ತಾನೇ ಇವ್ನಿ ಮಗಾ, ನೀನ್ ಮಾತಾಡೋದು ಯಾವಾಗ?”

“ಇಷ್ಟೊತ್ತೂ ಮಾತಾಡಿದ್ನಲ್ಲ!”

“ಅದು ನೀನಾ? ಅಗೋ, ಆ ಲುಂಗಿಯೋರ್ದು ಅಂದ್ಕೊಂಡೆ” ಎಂದಳು ಅಜ್ಜಿ. ಕೂದಲಿಂದ ಒಂದು ‘ಸಂವಹನ’ ಕಿತ್ತು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು. ಆಮೇಲೆ ಮೇಜಿನಂಚಿಗೆ ಬಂದು ದನಿ ತಗ್ಗಿಸಿದಳು. “ಅಲ್ವೇ, ಆ ಕಡೆ ಇಷ್ಟೊಂದ್ ಜನ ಕೂತವ್ರೆ ಅಂದ್ಯಲ್ಲ, ಎಲ್ರೂ ಕಥೆಗೆ ಬಂದವ್ರಾ, ಬೆಲ್ಲಕ್ಕೆ ಬಂದವ್ರಾ?”

ಪರದೆಯ ಮೇಲೆ ಚಾಟು ಉರುಳುತ್ತಿತ್ತು. ‘ಸರ್ಟಿಫಿಕೇಟ್ ಮೇಡಂ.’ ‘ನನ್ನ ಹೆಸರಲ್ಲಿ ಎರಡು ಎಸ್ ಬರಬೇಕು ಮೇಡಂ.’ ‘ನಮ್ಮ ಮನೆಯವರ ಹೆಸರಲ್ಲೂ ಒಂದು ಕೊಡಿ, ಅವರೂ ಇಲ್ಲೇ ಇದ್ದಾರೆ.’

“ಬೆಲ್ಲಕ್ಕೆ” ಎಂದೆ.

“ಹಂಗಾದ್ರೆ ಮೊದ್ಲು ಬೆಲ್ಲ ಹಂಚು. ಹಸಿದೋರ್ನ ಯಾಕೆ ಕಾಯಿಸ್ತೀಯ, ಪಾಪ.”

ಸರ್ಟಿಫಿಕೇಟ್ ಕಳುಹಿಸುವ ಹಸಿರು ಗುಂಡಿ ಪರದೆಯ ಬಲಮೂಲೆಯಲ್ಲಿತ್ತು. ಅದನ್ನು ಒತ್ತಿದರೆ ಏನಾಗುತ್ತದೆಂದು ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಒತ್ತದೆ ಇದ್ದರೆ ಇನ್ನು ನಲವತ್ತು ನಿಮಿಷ ಹನ್ನೊಂದು ಸೂತ್ರ ಓದಿ, ನಕ್ಕು, ಪಾಸಾಗಿ, ನಾಳೆಯಿಂದ ನಾನು ಮೇಲೆ. ಕೆಳಗೆ ಬೇರೆ ಯಾರೋ ಒಬ್ಬಳು. ಅವಳ ಕೂದಲಲ್ಲಿ ನನ್ನ ಹೊಟ್ಟು. ಒತ್ತಿದರೆ ಮತ್ತೆ ಮೂರು ವರ್ಷ ನಾನೇ ಕೆಳಗೆ.

ಅಂಥ ಹೊತ್ತಿನಲ್ಲಿ ರಾಜಕುಮಾರಿಯರು ಏನು ಮಾಡುತ್ತಾರೆಂದು ನನಗೆ ಗೊತ್ತಿತ್ತು. ಅವರಿಗೆ ಹೇಳಿಕೊಡಲು ಮಾತಾಡುವ ಗಿಳಿ ಇರುತ್ತದೆ. ನನಗಿದ್ದದ್ದು ಮೇಜಿನ ಕೆಳಗೆ ಸೀನುತ್ತಿದ್ದ ಎಂಬತ್ತು ವರ್ಷದ ಅಜ್ಜಿ.

ಮೈಕ್ ಹಾಕಿದೆ. “ನೋಡಿ, ನನ್ನ ಹೆಸರು ಹನಿ ಅಲ್ಲ, ಹೊನ್ನಮ್ಮ. ನಿಮ್ಮ ಸರ್ಟಿಫಿಕೇಟ್ ಈಗಲೇ ಕಳಿಸ್ತಾ ಇದೀನಿ. ಸರ್ಟಿಫಿಕೇಟಿಗೆ ಬಂದೋರು ತಗೊಂಡು ಹೊರಡಿ, ಬೇಜಾರಿಲ್ಲ. ಅನ್ನ ಇಟ್ಟಿದ್ರೆ ಇಳಿಸ್ಕೊಳ್ಳಿ. ಕೇಳೋಕೆ ಬಂದೋರು ಯಾರಾದ್ರೂ ಇದ್ರೆ ಕೂತ್ಕೊಳ್ಳಿ.” ಒತ್ತಿದೆ.

ಪುಟ್ಟಲಿಂಗಯ್ಯನವರು ಕುರ್ಚಿಯಿಂದ ಎದ್ದು ಎರಡೂ ಕೈ ಆಡಿಸಿದರು. ದನಿ ಮೈಕಿಗೆ ಬೀಳಬಾರದೆಂದು ಬಾಯಿ ಮಾತ್ರ ತೆರೆದು ಮುಚ್ಚುತ್ತಿದ್ದರು. ಮುನ್ನೂರ ಹನ್ನೆರಡು ಇದ್ದದ್ದು ಇನ್ನೂರ ಐವತ್ತಾಯಿತು, ತೊಂಬತ್ತಾಯಿತು, ಹದಿನಾಲ್ಕಾಯಿತು. ಊಟದ ಗಂಟೆ ಹೊಡೆದಾಗ ಶಾಲೆ ಖಾಲಿಯಾಗುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಒಬ್ಬರು ಹೋಗುವ ಮುಂಚೆ ಚಾಟಿನಲ್ಲಿ ‘ಬಹಳ ಅರ್ಥಪೂರ್ಣವಾದ ಕಾರ್ಯಕ್ರಮ’ ಎಂದು ಬರೆದು ಹೋದರು. ಎಣಿಕೆ ಮೂರಕ್ಕೆ ಬಂದು ನಿಂತಿತು.

“ಒಂದು ಮೇಜು ಇತ್ತು” ಎಂದೆ.

ಕಪ್ಪು ಚೌಕಗಳು ಸುಮ್ಮನಿದ್ದವು. ಕೆಳಗಿನಿಂದ ಅಜ್ಜಿ “ಹೂಂ” ಎಂದಳು.

“ಆ ಮೇಜಿನ ಮೇಲೊಂದು ರಾಜ್ಯ, ಕೆಳಗೊಂದು ರಾಜ್ಯ. ಮೇಲಿನ ರಾಜ್ಯದಲ್ಲಿ ಎಲ್ಲರೂ ಎದೆಯಿಂದ ಮೇಲಕ್ಕೆ ಮಾತ್ರ ಇರ್ತಿದ್ರು. ಎದೆಯಿಂದ ಕೆಳಗೆ ಏನಿದೆ ಅಂತ ಅವರಿಗೇ ಮರೆತುಹೋಗಿತ್ತು. ಅರ್ಧ ರಾಜ, ಅರ್ಧ ಮಂತ್ರಿ, ಅರ್ಧ ಸೇನಾಪತಿ.”

“ಹೂಂ” ಎಂದಿತು ಪರದೆ.

ನಾನು ಬೆಚ್ಚಿದೆ. ‘ಸುಹಾಸ್ ಫೋನ್’ ಎಂಬ ಹೆಸರಿನ ಚೌಕದಲ್ಲಿ ಕ್ಯಾಮೆರಾ ತೆರೆದುಕೊಂಡಿತ್ತು. ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಚಪಾತಿ ಲಟ್ಟಿಸುತ್ತಿದ್ದ ಹೆಂಗಸೊಬ್ಬರ ಗಲ್ಲ ಕಾಣುತ್ತಿತ್ತು.

“ನಾನು ಮಲ್ಲಾಜಮ್ಮ ಅಂತ. ಇದು ನನ್ನ ಮಗನ್ ಫೋನು. ನಂಗೆ ಸರ್ಟಿಫಿಕೇಟ್ ಏನಕ್ಕಮ್ಮ? ಯಾರಾದ್ರೂ ಮಾತಾಡ್ತಿದ್ರೆ ಲಟ್ಟಣಿಗೆ ಓಡುತ್ತೆ ಅಂತ ಹಾಕ್ಕೋತೀನಿ. ನಿಮ್ಮ ಸಾರ್‌ದು ಹಾಕ್ಕೊಂಡ್ರೆ ಮಾತ್ರ ಚಪಾತಿ ಗಟ್ಟಿಯಾಗ್ಬಿಡುತ್ತೆ. ಹೇಳಮ್ಮ, ಅರ್ಧ ರಾಜ. ಲಗ್ನ ಆಗಿತ್ತಾ ಅವನಿಗೆ?”

“ಆಗಿತ್ತು. ರಾಣಿಗೆ ಈ ವಿಷಯ ಗೊತ್ತಿರ್ಲಿಲ್ಲ.”

“ಎಲ್ಲಾದ್ರೂ ಉಂಟಾ!” ಎಂದಿತು ಎರಡನೇ ಚೌಕ. ಅಲ್ಲಿ ಒಂದು ಹಣೆ ಮತ್ತು ತಿರುಗುವ ಫ್ಯಾನು ಮಾತ್ರ ಕಾಣುತ್ತಿತ್ತು. “ನಾನು ಪಚ್ಚೇಗೌಡ, ರಿಟೈರ್ಡ್ ಪೋಸ್ಟ್ ಮಾಸ್ಟರ್. ಹೆಂಡ್ತೀಗೆ ಗೊತ್ತಿಲ್ದೆ ಗಂಡ ಅರ್ಧ ಆಗೋಕೆ ಸಾಧ್ಯವೇ ಇಲ್ಲಮ್ಮ. ತಿದ್ಕೋ.”

ತಿದ್ದಿಕೊಂಡೆ. ರಾಣಿಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದಳು ಎಂದೆ. ಗೌಡರ ಹಣೆ ಸಮಾಧಾನದಿಂದ ಹಿಂದಕ್ಕೆ ಒರಗಿತು. ಮೂರನೆಯ ಚೌಕ ಕಪ್ಪಾಗಿಯೇ ಇತ್ತು, ‘ಯೂಸರ್ ಏಳು’ ಎಂದಷ್ಟೇ ಹೆಸರು. ಅದರಿಂದ ಸರಿಯಾದ ಜಾಗದಲ್ಲಿ ಸಣ್ಣದೊಂದು ‘ಹೂಂ’ ಬರುತ್ತಿತ್ತು. ಅದು ಯಾರೆಂದು ಇವತ್ತಿಗೂ ನನಗೆ ತಿಳಿಯದು.

ಕೆಳಗಿನ ರಾಜ್ಯದಲ್ಲಿ ಒಬ್ಬಳು ಹುಡುಗಿ ಇದ್ದಳು ಎಂದೆ. ಮೇಲಿನವರು ಆಡಿ ಬಿಸಾಕಿದ ಮಾತುಗಳೇ ಅವಳ ಪ್ರಜೆಗಳು. ಸಬಲೀಕರಣ ಎಂಬ ಮುದುಕಿ, ಅವಳ ಸೋಮಾರಿ ಅಳಿಯ. ಒಂದು ದಿನ ಅರ್ಧ ರಾಜ ಅವಳನ್ನು ಕರೆದು, ಮೇಲೆ ಬಾ, ನಿನ್ನ ಕೆಳಗಿನ ಅರ್ಧ ಬಿಟ್ಟು ಬಾ ಎಂದ. ಅಜ್ಜಿ ಹೂಂ ಎಂದಳು, ಮಲ್ಲಾಜಮ್ಮ ಹೂಂ ಎಂದರು, ಗೌಡರು ಹೂಂ ಎಂದರು, ‘ಯೂಸರ್ ಏಳು’ ಕೂಡ ಹೂಂ ಎಂದರು. ನನ್ನ ಕಾಲ ಬಳಿ ಏನೂ ಬೀಳುತ್ತಿರಲಿಲ್ಲ. ಅಜ್ಜಿ ಪೊರಕೆಯನ್ನು ಪಕ್ಕಕ್ಕಿಟ್ಟು, ಕೈಗಳನ್ನು ಮಂಡಿಗೆ ಸುತ್ತಿ, ಜಗಲಿಯ ಮೇಲೆ ಕೂತ ಹಾಗೆ ಕೂತಿದ್ದಳು. ಮೊದಲು ಬಿದ್ದ ಹೊಟ್ಟು ಅವಳ ಸುತ್ತ ಹಾಗೆಯೇ ಇತ್ತು. ಅದನ್ನು ನಾನೇ ಗುಡಿಸಬೇಕು, ಗುಡಿಸುತ್ತೇನೆ.

“ಹುಡುಗಿ ಏನಂದ್ಲು?” ಎಂದರು ಮಲ್ಲಾಜಮ್ಮ. ಲಟ್ಟಣಿಗೆ ನಿಂತಿತ್ತು.

ಅಷ್ಟರಲ್ಲಿ ಟಪಟಪ, ಠಣ್, ಠಣ್ ಎಂದು ಸದ್ದಾಯಿತು. ನನ್ನ ಕಡೆಯಿಂದಲ್ಲ, ಮೂಲೆಯಿಂದ. ಪುಟ್ಟಲಿಂಗಯ್ಯನವರು ಅಂಕಪಟ್ಟಿ ಎತ್ತಿ ಹಿಡಿದು, ಮೈಕಿನ ಹಂಗನ್ನೂ ಬಿಟ್ಟು, ಜೋರಾಗಿ ಏನೋ ಹೇಳುತ್ತಿದ್ದರು. ಏನೆಂದು ನನಗೆ ಕೇಳಿಸಲಿಲ್ಲ. ಆಣೆಯಾಗಿಯೂ ಕೇಳಿಸಲಿಲ್ಲ. ನೆಲ ನೋಡಿದ ಮೇಲೇ ತಿಳಿದದ್ದು. ಅವರ ಹವಾಯಿ ಚಪ್ಪಲಿಯ ಸುತ್ತ ಒಂದು ‘ಅನುತ್ತೀರ್ಣ’, ಎರಡು ‘ಶಿಸ್ತು’, ನಾಲ್ಕೈದು ‘ಕೃತಘ್ನತೆ’, ಲುಂಗಿಯ ಅಂಚಿಗೆ ಸಿಕ್ಕಿಕೊಂಡು ನೇತಾಡುತ್ತಿದ್ದ ‘ಮತ್ತೆ ಮೂರು ವರ್ಷ’ ಬಿದ್ದಿದ್ದವು. ಅವರೂ ಬಗ್ಗಿ ಅದನ್ನು ನೋಡಿದರು. ತಮ್ಮ ಮಾತು ಬೀಳುವುದನ್ನು ಅವರು ಇಷ್ಟು ಹತ್ತಿರದಿಂದ ನೋಡಿರಲಿಲ್ಲ ಎಂದು ಕಾಣುತ್ತದೆ. ಅದಕ್ಕೆಂದೇ ಬಲಗೈ ಇತ್ತಲ್ಲ.

ಅಜ್ಜಿ ಮೇಜಿನ ಕೆಳಗಿನಿಂದ ತೆವಳಿಕೊಂಡು ಹೊರಬಂದಳು. ಸೊಂಟ ನೆಟ್ಟಗೆ ಮಾಡಿಕೊಂಡು, ಕೂದಲು ಕೊಡವಿಕೊಂಡು, ಪೊರಕೆಯನ್ನು ಅವರ ಮುಂದೆ ಹಿಡಿದಳು.

“ತಗೊಳ್ಳಿ ಸ್ವಾಮಿ. ಉದುರಿಸಿದೋರೇ ಗುಡಿಸ್ಬೇಕು.”

ಪುಟ್ಟಲಿಂಗಯ್ಯನವರು ನನ್ನತ್ತ ಕೈ ತೋರಿಸಿದರು. “ಅವಳು, ಅವಳು ನನ್ನ ಬಲಗೈ...”

“ನಿಮ್ಮ ಬಲಗೈ ಇಲ್ಲೇ ಅದೆಯಲ್ಲ ಸ್ವಾಮಿ, ಕೋಟಿನ ತೋಳೊಳಗೆ” ಎಂದು ಅಜ್ಜಿ ಅದನ್ನು ಹಿಡಿದೆತ್ತಿ, ಬೆರಳು ಬಿಡಿಸಿ, ಪೊರಕೆಯನ್ನು ಅದರೊಳಗಿಟ್ಟು, ಮತ್ತೆ ಬೆರಳು ಮಡಿಸಿದಳು. “ಹಗುರಕ್ಕೆ ಗುಡಿಸಿ. ಧೂಳೇಳಿಸ್ಬೇಡಿ, ಮಗ ಕಥೆ ಹೇಳ್ತಾವ್ಳೆ.”

ಆಮೇಲೆ ಅಜ್ಜಿ ಮೇಜಿನ ಕೆಳಗೆ ಹೋಗಲಿಲ್ಲ. ಪರೀಕ್ಷಕರ ಕುರ್ಚಿಯನ್ನು ಎಳೆದು ನನ್ನ ಎದುರಿಗೆ ಹಾಕಿಕೊಂಡು ಕೂತಳು. ಪರದೆಯಲ್ಲಿ ಚಪಾತಿ ಸುಡುತ್ತಿತ್ತು, ಗೌಡರ ಹಣೆ ಮುಂದಕ್ಕೆ ಬಾಗಿ ಪೂರ್ತಿ ಚೌಕವನ್ನೇ ತುಂಬಿಬಿಟ್ಟಿತ್ತು. ಹಿಂದಿನಿಂದ ಸರಕ್, ಸರಕ್ ಎಂದು ಗುಡಿಸುವ ಸದ್ದು ಶುರುವಾಯಿತು.

“ಹುಡುಗಿ ಏನಂದ್ಲು ಅಂತ ಹೇಳ್ಲೇ ಇಲ್ವಲ್ಲ” ಎಂದಿತು ಕಪ್ಪಾಗಿಯೇ ಇದ್ದ ‘ಯೂಸರ್ ಏಳು’ ಚೌಕ.

“ಹುಡುಗಿ ಏನೂ ಅನ್ನಲಿಲ್ಲ” ಎಂದೆ. “ಮೇಜನ್ನೇ ಪಕ್ಕಕ್ಕೆ ಸರಿಸಿದಳು.”

“ಹೂಂ” ಎಂದರು ಎಲ್ಲರೂ.